ಓಣಿಗೆ ಬಂದ ಮೋಡ

ಹುಟ್ಟಿದ ಒಂಬತ್ತನೇ ದಿನವೇ ತೊಟ್ಟಿಲಿನಿಂದ ಕೈ ಚಾಚಿ ಸಾವಿರ ಮೋಡಗಳ ಹೆಸರು ಹೇಳಿದವಳು ನಾನು.

ನಮ್ಮ ಓಣಿಯಲ್ಲಿ ಮೋಡಗಳು ದನಗಳ ಹಾಗೆ ನಡೆದು ಹೋಗುತ್ತವೆ. ಇವತ್ತು ರೇಡಿಯೊ, "ಮಳೆಮೋಡ ಬರುತ್ತಿದೆ, ಒಣಹಾಕಿದ್ದನ್ನೆಲ್ಲ ಒಳಗಿಡಿ" ಎಂದಿತು. ನಮ್ಮ ಬಾಗಿಲ ಮುಂದೆ ಹಗ್ಗದ ಮಂಚ, ಅಂದರೆ ಹೊರಸಿನ ಮೇಲೆ, ಪಕ್ಕದ ಮನೆ ಕಾಶವ್ವನ ಮಗಳ ಮದುವೆಗೆಂದು ನಾನೂ ಅವಳೂ ಐದು ದಿನ ಕೂತು ಹೊಸೆದ ಶಾವಿಗೆ.

"ರೇಡಿಯೊಕ್ಕ ಏನ್ ಗೊತ್ತು? ಇದು ಬರೇ ಅರಳೆಮೋಡ. ಒಂದು ಹನಿ ಉದುರಿದ್ರ ಕೇಳು!" ಎಂದು ಕಾಶವ್ವನಿಗೆ ಹೇಳಿ, ಪೊರಕೆ ಹಿಡಿದು ಅಡ್ಡ ನಿಂತೆ.

ಮೋಡ ಶಾವಿಗೆಯನ್ನು ಸವರಿಕೊಂಡು ಒಣಒಣವಾಗಿಯೇ ದಾಟಿತು. ಇಲ್ಲದ ಮೀಸೆ ತಿರುವಿದೆ.

"ಬಸಲಿಂಗವ್ವಾ, ಹಿಂದ ಕರ್ರಗಿಂದೊಂದು ಬರಾಕತ್ತೇತಿ. ಅದ್ಯಾವ್ದು?" ಎಂದಳು ಕಾಶವ್ವ.

ಪೊರಕೆ ಬಿಸಾಕಿ ಹೊರಸಿನ ಒಂದು ತುದಿ ಹಿಡಿದೆ.

"ನನಗ ಒಂದೂ ಮೋಡ ಗೊತ್ತಿಲ್ಲವ್ವಾ. ಮೊಣಕಾಲು ನೋವು, ಹೊರಸು ಎತ್ತಾಕ ಬ್ಯಾಸರಾಗಿ ಹಂಗಂದೆ. ಆ ಕಡೆ ಹಿಡಿ, ಲಗೂನ!"