ಯಜಮಾನರ ಪಥ್ಯ

ಮಿಷನ್ನಿನಲ್ಲಿ ಮುನ್ನೂರ ಹನ್ನೆರಡು ಎಂದು ಬಂದಾಗ ರಂಜಿತ ನಂಬಲಿಲ್ಲ. ಮುನಿಶಾಮಪ್ಪನ ಇನ್ನೊಂದು ಬೆರಳು ಚುಚ್ಚಿದಳು. ಮುನ್ನೂರ ಎಂಟು. ಮೂರು ತಿಂಗಳ ಹಿಂದೆ ಇದೇ ಜಗಲಿಯ ಮೇಲೆ ಖಾಲಿ ಹೊಟ್ಟೆಯಲ್ಲಿ ನೋಡಿದಾಗ ಇವನ ಸಕ್ಕರೆ ಇನ್ನೂರ ಹತ್ತು ಇತ್ತು.

ರಂಜಿತ ಮೂರನೇ ವರ್ಷದ ಮೆಡಿಕಲ್ ವಿದ್ಯಾರ್ಥಿನಿ. ಅವಳ ಕಾಲೇಜಿನಲ್ಲಿ ಈ ವರ್ಷ ಜೀವನಶೈಲಿ ವೈದ್ಯಕೀಯ ಎಂಬ ಹೊಸ ಪಾಠ ಶುರುವಾಗಿತ್ತು. ಹೊತ್ತಿಗೆ ಸರಿಯಾಗಿ ಊಟ, ಎಂಟು ಗಂಟೆ ನಿದ್ದೆ, ದಿನಾ ನಡಿಗೆ, ಮನಸ್ಸಿಗೆ ನೆಮ್ಮದಿ. ಇಷ್ಟಿದ್ದರೆ ಅರ್ಧ ಕಾಯಿಲೆಗಳು ಹತ್ತಿರ ಸುಳಿಯುವುದಿಲ್ಲ ಎಂದು ಅದರ ಸಾರಾಂಶ. ಇದನ್ನು ಬಾಯಿಪಾಠ ಮಾಡುವುದಕ್ಕಾಗಿ ಅವಳು ನಿದ್ದೆಗೆಟ್ಟು, ತಿಂಡಿ ಬಿಟ್ಟು, ಕ್ಯಾಂಟೀನಿನ ಪಫ್ಸ್ ತಿಂದು ಬದುಕುತ್ತಿದ್ದಳು. ಓದಿದ್ದು ಸಾಲದೆಂದು ಪ್ರತಿ ವಿದ್ಯಾರ್ಥಿಯೂ ಹಳ್ಳಿಯ ಒಬ್ಬ ರೋಗಿಯನ್ನು ಸುಧಾರಿಸಿ ತೋರಿಸಬೇಕಿತ್ತು. ಅವಳ ಪಾಲಿಗೆ ಬಂದವನು ಬೂದಿಗೆರೆ ಪಕ್ಕದ ಊರಿನ ಈ ಮುನಿಶಾಮಪ್ಪ. ಅರವತ್ತೆರಡು ವರ್ಷ, ಸಕ್ಕರೆ ಕಾಯಿಲೆ, ಅರಳಿಕಟ್ಟೆಯಲ್ಲಿ ಕಾಯಂ ಜಾಗ.

ಸೋಮವಾರ ಸೆಮಿನಾರಿತ್ತು. ರಂಜಿತಳ ಸ್ಲೈಡುಗಳೆಲ್ಲ ಸಿದ್ಧವಾಗಿದ್ದವು. ಹೆಜ್ಜೆ ಎಣಿಸಲೆಂದು ಅವಳು ಕೊಟ್ಟುಹೋಗಿದ್ದ ಕೈಪಟ್ಟಿ, ದಿನಕ್ಕೆ ಹದಿನಾಲ್ಕು ಸಾವಿರ ಹೆಜ್ಜೆ ಎಂದು ವಾರವಾರವೂ ವರದಿ ಒಪ್ಪಿಸಿತ್ತು. ಪ್ರೊಫೆಸರು ಅದನ್ನು ನೋಡಿ, ಬಹುಮಾನ ನಿನಗೇ ಎಂದಿದ್ದರು. ಕೊನೆಯ ಸ್ಲೈಡಿನಲ್ಲಿ 'ಸಕ್ಕರೆ ನೂರ ಹದಿನೈದು' ಎಂದು ಅವಳು ಮೊದಲೇ ಬರೆದಿಟ್ಟಿದ್ದಳು. ಅದನ್ನು ಮುನಿಶಾಮಪ್ಪನ ರಕ್ತ ಒಪ್ಪಿಕೊಂಡುಬಿಟ್ಟರೆ ಮುಗಿಯುತ್ತಿತ್ತು.

"ತಾತ, ನಾನು ಹೇಳಿದ ಪಥ್ಯ ಮಾಡ್ತಿದೀರಾ?"

"ಒಂದು ದಿನಾನೂ ತಪ್ಪಿಲ್ಲ ಡಾಕ್ಟ್ರಮ್ಮ."

"ಅನ್ನ?"

"ಬಿಟ್ಟು ಮೂರು ತಿಂಗಳಾಯ್ತು."

"ಏಳು ಗಂಟೆ ಮೇಲೆ ಊಟ?"

"ಒಂದು ತುತ್ತೂ ಇಲ್ಲ."

"ವಾಕಿಂಗು?"

"ದಿನಾ ಬೆಳಿಗ್ಗೆ ಕೆರೆ ಏರಿ ಮೇಲೆ ಒಂದು ಗಂಟೆ. ಯಾರನ್ನ ಬೇಕಾದ್ರೂ ಕೇಳಿ."

ಹೇಳುವಾಗ ಅವನ ಮುಖದಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ಅಂಗಿಯ ಗುಂಡಿ ಮಾತ್ರ ಹೊಟ್ಟೆಯ ಮೇಲೆ ನಿಲ್ಲಲಾರದೆ ಬಿಚ್ಚಿಕೊಂಡಿತ್ತು. ರಂಜಿತ ಅವನ ಎರಡೂ ಕೈ ನೋಡಿದಳು. ಪಟ್ಟಿ ಇರಲಿಲ್ಲ.

"ಪಟ್ಟಿ ಎಲ್ಲಿ ತಾತ?"

"ಅದು ಕೆಲಸದ ಮೇಲೈತೆ," ಎಂದ ಮುನಿಶಾಮಪ್ಪ, ಒಳಗೆ ನೋಡಿ ಕೂಗಿದ. "ಇವಳೇ, ಬಾ ಇಲ್ಲಿ."

ಅವನ ಹೆಂಡತಿ ಕದಿರಮ್ಮ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಮೂರು ತಿಂಗಳ ಹಿಂದೆ ಮೈತುಂಬಿಕೊಂಡಿದ್ದ ಹೆಂಗಸು ಈಗ ಅರ್ಧವಾಗಿದ್ದಳು. ಸಡಿಲವಾದ ಹಸಿರು ಬಳೆಗಳ ಹಿಂದೆ ಪಟ್ಟಿಯ ದೀಪ ಮಿನುಗುತ್ತಿತ್ತು.

"ಇದು ಅಜ್ಜಿ ಕೈಲಿ ಯಾಕಿದೆ?"

"ಮತ್ತೆ ಪಥ್ಯ ಮಾಡೋಳು ಅವಳಲ್ವಾ," ಎಂದ ಮುನಿಶಾಮಪ್ಪ, ಇಷ್ಟು ಓದಿದವಳಿಗೆ ಇಷ್ಟೂ ತಿಳಿಯದೇ ಎಂಬಂತೆ. "ನನ್ನ ಹೆಸರಲ್ಲಿ ಶನಿವಾರದ ಉಪವಾಸ ಮಾಡೋಳು ಅವಳೇ. ಹೋದ ವರ್ಷ ನಂಗೆ ಜ್ವರ ಬಂದಾಗ ಹರಕೆ ಹೊತ್ತು ಶಿವಗಂಗೆ ಬೆಟ್ಟ ಹತ್ತಿದ್ದೂ ಅವಳೇ. ಮೂರೇ ದಿನಕ್ಕೆ ಜ್ವರ ಬಿಡ್ತು. ಇದನ್ನ ಮಾತ್ರ ಬೇರೆಯವರ ಕೈಗೆ ಕೊಡಕ್ಕಾಗುತ್ತಾ?"

ರಂಜಿತ ಕದಿರಮ್ಮನ ಬೆರಳು ಚುಚ್ಚಿದಳು. ಸಕ್ಕರೆ ಅರವತ್ತೆರಡಕ್ಕೆ ಇಳಿದಿತ್ತು.

"ತಲೆ ಸುತ್ತುತ್ತಾ ಅಜ್ಜಿ?"

"ಒಂದೊಂದ್ಸಲ ಕಣ್ಣು ಕತ್ಲೆ ಬರುತ್ತೆ. ಪಥ್ಯ ಹಿಡೀತಾ ಐತೆ ಅಂತ ಸುಮ್ನಿದ್ದೆ."

ಅರೆಗಳಿಗೆ ರಂಜಿತಳಿಗೆ ಕೊನೆಯ ಸ್ಲೈಡು ನೆನಪಾಯಿತು. ರೋಗಿಯ ಹೆಸರೊಂದನ್ನು ಬದಲಿಸಿದರೆ ಬಹುಮಾನಕ್ಕೇನೂ ಧಕ್ಕೆಯಿರಲಿಲ್ಲ. ಹಾಗೆ ಯೋಚಿಸಿದ್ದಕ್ಕೆ ಅವಳಿಗೇ ನಾಚಿಕೆಯಾಯಿತು. ಮೂರು ತಿಂಗಳು ವಾರವಾರ ಫೋನು ಮಾಡಿ ಹೆಜ್ಜೆಗಳ ಸಂಖ್ಯೆ ಬರೆದುಕೊಂಡಿದ್ದಳು. ಅವು ಯಾರ ಹೆಜ್ಜೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಅವಳು ಕದಿರಮ್ಮನ ಕೈಯಿಂದ ಪಟ್ಟಿ ಬಿಚ್ಚಿದಳು.

"ನೀವು ಮೊದಲು ಒಳಗೆ ಹೋಗಿ ಊಟ ಮಾಡಿ ಅಜ್ಜಿ. ಹೊಟ್ಟೆ ತುಂಬ. ತಾತ, ನಾಳೆಯಿಂದ ನಡಿಯೋರು ನೀವು, ಅನ್ನ ಬಿಡೋರು ನೀವು. ನಿಮಗೆ ಸಕ್ಕರೆ ಮುನ್ನೂರು ದಾಟಿದೆ. ಇವತ್ತೇ ಆಸ್ಪತ್ರೆಗೆ ಹೋಗ್ಬೇಕು."

ಮುನಿಶಾಮಪ್ಪ ತಾನು ಮೋಸ ಹೋದವನಂತೆ ಹೆಂಡತಿಯ ಕಡೆ ತಿರುಗಿ ನೋಡಿದ. ಆಮೇಲೆ ಎದ್ದು ಚಪ್ಪಲಿ ಹುಡುಕತೊಡಗಿದ.

ಕದಿರಮ್ಮನ ಮುಖ ಬಿಳಿಚಿಕೊಂಡಿತು. ಗಂಡ ಅಂಗಳ ದಾಟುವವರೆಗೆ ಕಾದಿದ್ದು, ರಂಜಿತಳ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದಳು:

"ಅವ್ರಿಗೆ ಮಾತ್ರ ಹೇಳ್ಬೇಡ ಕಣವ್ವ, ತಪ್ಪು ನಂದೇ. ಯುಗಾದಿ ದಿನ ಆಸೆ ತಡೀಲಾರದೆ ಒಂದು ಒಬ್ಬಟ್ಟು ತಿಂದ್ಬಿಟ್ಟೆ."