ಇಪ್ಪತ್ತು ಉಸಿರು

ನೀಲಗಿರಿ ಎಣ್ಣೆಯ ವಾಸನೆ ಬಂದರೆ ಈಗಲೂ ನನ್ನ ಅಂಗೈಗೆ ಅವ್ವನ ಉಸಿರು ತಾಗಿದಂತಾಗುತ್ತದೆ.

ಎಪ್ಪತ್ತರ ದಶಕದ ಆ ಚಳಿಗಾಲವೇ ಅವಳ ಕಡೆಯದು. ದಮ್ಮು ಜೋರಾಗಿತ್ತು. "ಹೊಟ್ಟಿ ತುಂಬ ಉಸಿರು ತಗೊಂಡು ಸಾವಕಾಶ ಬಿಡ್ರಿ, ದಿನಾ ಇಪ್ಪತ್ತು ಸಲ. ಎದಿ ಹಗುರಾಗ್ತೈತಿ, ಮನಸಿನ ಅಂಜಿಕಿನೂ ಇಳೀತೈತಿ" ಎಂದು ನಮ್ಮೂರು ಟಿಕೋಟಾದ ಡಾಕ್ಟರು ಹೇಳಿದ್ದರು. ಎಣಿಸುವ ಕೆಲಸ ನನ್ನದು. ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನಾನು ವಿಜಾಪುರದ ಕಾನ್ವೆಂಟಿಗೆ ಹೋಗುತ್ತೇನೆಂದು ಅವಳಿಗೆ ಬಲು ಹೆಮ್ಮೆ.

"ಇಂಗ್ಲೀಷಿನ್ಯಾಗ ಎಣಸವ್ವಾ, ಕೇಳಾಕ ಚಂದ" ಎನ್ನುತ್ತಿದ್ದಳು.

ಆ ಮಧ್ಯಾಹ್ನವೂ ಅವಳ ಎದೆಗೆ ನೀಲಗಿರಿ ಎಣ್ಣೆ ತಿಕ್ಕಿ, ಹೊಟ್ಟೆಯ ಮೇಲೆ ಕೈಯಿಟ್ಟು ಎಣಿಸುತ್ತಿದ್ದೆ. ಮಾಸಿದ ಇಳಕಲ್ ಸೀರೆ ಪ್ರತಿ ಉಸಿರಿಗೂ ನಿಧಾನವಾಗಿ ಏರಿ, ನಡುಗುತ್ತ ಇಳಿಯುತ್ತಿತ್ತು. ಹೊರಗೆ ಗೆಳತಿಯರು ಆಟಕ್ಕೆ ಕರೆಯುತ್ತಲೇ ಇದ್ದರು. ಏಟ್ ಆದ ಮೇಲೆ ನಾನು ನೇರ ಏಟೀನ್‌ಗೆ ಹಾರಿದೆ. ನೈಂಟೀನ್, ಟ್ವೆಂಟಿ ಅಂದು ಕೈ ತೆಗೆದೆ.

ಅವ್ವ ಕಣ್ಣು ತೆರೆದಳು. ಹಣೆಯ ಬೆವರು ಒರೆಸಿಕೊಂಡು, ಒಳಗೆ ರೊಟ್ಟಿ ಬಡಿಯುತ್ತಿದ್ದ ಅಜ್ಜಿಗೆ ನಗುತ್ತ ಹೇಳಿದಳು:

"ಅತ್ತಿ, ಇವತ್ತ ಇಪ್ಪತ್ತು ಎಷ್ಟ ಲಗೂ ಮುಗದ್ವು ನೋಡ್ರಿ. ದಣಿವ ಆಗಲಿಲ್ಲ. ನನಗ ಆರಾಮ ಆಗಾಕತ್ತೈತಿ."