ಬರಿಗೈ

ಹೊಕ್ಕುಳಬಳ್ಳಿ ಕತ್ತರಿಸುವಾಗ ಬ್ಲೇಡು ಜಾರಿ ಕಸ್ತೂರಿಯ ಹೆಬ್ಬೆರಳನ್ನೂ ಸೀಳಿತು. ಮೊರಬ ಊರಿನ ನರ್ಸ್ ಆಕೆ. ಇಂಥ ಗಾಯ ಹೊಸದಲ್ಲ. ಲೆಕ್ಕಿಸದೆ ಕೂಸನ್ನು ಒರೆಸಿ ಬಾಣಂತಿ ಹನಮವ್ವನ ಮಗ್ಗುಲಲ್ಲಿ ಮಲಗಿಸಿದಳು.

“ನಿಮ್ಮ ಕೈ ತಂಪಿರ್ಲಿ ನರ್ಸಬಾಯಾರ,” ಎಂದಳು ಅತ್ತೆ ರೇವವ್ವ. “ಮುಂಬೈದಾಗ ಡಾಕ್ಟರು ಕೈಗೆ ರಬ್ಬರ್ ಚೀಲ ಹಾಕ್ಕೊಂಡ ನನ್ನ ಮಗನ್ನ ಮುಟ್ಟತಿದ್ರಂತ. ಯಾವುದೋ ಹೊಸಾ ಬ್ಯಾನಿ, ಔಷಧ ಇಲ್ಲ ಅಂತ ಊರಿಗೆ ಕಳಿಸ್ಯಾರ. ನೀವು ನೋಡ್ರಿ, ಬರಿಗೈಲೆ ಎಲ್ಲಾ ಮಾಡಿದ್ರಿ.”

ಕಸ್ತೂರಿ ಪಡಸಾಲೆಯತ್ತ ತಿರುಗಿದಳು. ಕಂಬಳಿಯೊಳಗೆ ಹನಮವ್ವನ ಗಂಡ ಮಲಕಪ್ಪ ಎಲುಬಿನ ಹಂದರವಾಗಿ ಕೆಮ್ಮುತ್ತಿದ್ದ. ಆಕೆ ಅದನ್ನು ಕ್ಷಯವೆಂದುಕೊಂಡಿದ್ದಳು. ಹೋದ ತಿಂಗಳು ಹುಬ್ಬಳ್ಳಿಯ ತರಬೇತಿಯಲ್ಲಿ ಡಾಕ್ಟರೊಬ್ಬರು ಏಡ್ಸ್ ಎಂಬ ಹೊಸ ರೋಗದ ಬಗ್ಗೆ ಹೇಳಿದ್ದರು. ಗಂಡನಿಂದ ಹೆಂಡತಿಗೆ, ತಾಯಿಯಿಂದ ಕೂಸಿಗೆ, ರಕ್ತದಿಂದ ರಕ್ತಕ್ಕೆ. “ನಮ್ಮ ಹಳ್ಳಿಗೋಳಿಗೆ ಅದೆಲ್ಲಿ ಬರ್ತೈತಿ ಬಿಡ್ರಿ,” ಎಂದು ಅವರು ಕೊನೆಗೆ ನಕ್ಕಾಗ ಕಸ್ತೂರಿಯೂ ನಕ್ಕಿದ್ದಳು.

ಹೆಬ್ಬೆರಳು ಇನ್ನೂ ಜಿನುಗುತ್ತಿತ್ತು. ಕೈಮೇಲಿನ ರಕ್ತದಲ್ಲಿ ತನ್ನದೆಷ್ಟು, ಹನಮವ್ವನದೆಷ್ಟು ಎಂದು ತಿಳಿಯುವಂತಿರಲಿಲ್ಲ. ಅಷ್ಟರಲ್ಲಿ ರೇವವ್ವ ನೆತ್ತರಲ್ಲಿ ನೆನೆದ ಸೀರೆಯನ್ನು ಎತ್ತಲು ಬಾಗಿದಳು. ಹೊಲದ ಕೆಲಸಕ್ಕೆ ಆಕೆಯ ಅಂಗೈ ಬಿರುಕು ಬಿಟ್ಟಿತ್ತು.

“ಯಮ್ಮಾ, ಮುಟ್ಟಬ್ಯಾಡ!”

ಕಸ್ತೂರಿ ಚೀರಿದ್ದಕ್ಕೆ ಕೂಸು ಬೆಚ್ಚಿ ಅತ್ತಿತು. “ಯಾಕ್ರಿ, ಏನಾತು?” ಎಂದಳು ರೇವವ್ವ.

ಕಸ್ತೂರಿ ಬಕೆಟ್ಟನ್ನು ತನ್ನತ್ತ ಎಳೆದುಕೊಂಡು ಸೀರೆಯನ್ನು ನೀರಿಗದ್ದಿದಳು. “ಏನಿಲ್ಲ. ನಾನ ತೊಳೀತೇನಿ ಬಿಡು. ನನ್ನ ಕೈ ಆಗಲೇ ಹೊಲಸಾಗ್ಯಾವು.”